ಬಿಸಿಯಾಗದೆ ಬೆಳಗುವ ಲೋಹ

ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಓದುಗರ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.



ಸಂಘಟಕರು ನನಗೆ ಮೊದಲು ಕೊಟ್ಟಿದ್ದ ವಿಷಯ ‘ಮಾತೃಭಾಷೆ ಮತ್ತು ಶಿಕ್ಷಣ’. ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರನಿಗೆ ಅದಕ್ಕಿಂತ ಸುಲಭದ ವಿಷಯ ಬೇರೆ ಇಲ್ಲ. ಆದರೂ ಅವರಲ್ಲಿ ವಿನಂತಿಸಿಕೊಂಡು ವಿಷಯ ಬದಲಾಯಿಸಿಕೊಂಡೆ. ಒಬ್ಬ ವಿದ್ಯಾರ್ಥಿನಿಗೆ ನಾನು ಒಂದು ಉತ್ತರ ಬಾಕಿ ಉಳಿಸಿಕೊಂಡಿದ್ದೇನೆ. ಅದನ್ನು ನಾಲ್ಕು ಜನರ ಮುಂದೆ ಕೊಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು, ಏಕೆಂದರೆ ತಪ್ಪು ಉತ್ತರ ಕೊಟ್ಟದ್ದು ನಲವತ್ತು ಮಕ್ಕಳ ಮುಂದೆ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನಿದ್ದ ಶಾಲೆಯಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇತ್ತು. ಪಿರಿಯಡ್ ಸುಮ್ಮನೆ ಹೋಗಬಾರದೆಂದು ನಾವು ಒಬ್ಬೊಬ್ಬರಾಗಿ ಹೋಗಿ ಪಾಠ ಓದಿ ಹೇಳುತ್ತಿದ್ದೆವು. ಆ ದಿನ ನನ್ನ ಸರದಿ. ಹತ್ತನೇ ತರಗತಿ, ವಿದ್ಯುತ್ತಿನ ಪಾಠ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕಾದು ಬೆಳಕು ಕೊಡುತ್ತದೆ ಎಂದು ಓದಿ ಹೇಳಿದ ಮೇಲೆ, ಪುಸ್ತಕದಲ್ಲಿ ಇಲ್ಲದ ಒಂದು ವಾಕ್ಯವನ್ನು ನನ್ನ ಕಡೆಯಿಂದ ಸೇರಿಸಿದೆ: ‘ಲೋಹ ಬೆಳಗಬೇಕಾದರೆ ಕಾಯಲೇಬೇಕು, ಬೇರೆ ದಾರಿಯೇ ಇಲ್ಲ.’

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಬಾಡದ ಕಡೆಯ ಹುಡುಗಿ, ತಂದೆ ಮೀನುಗಾರಿಕೆಗೆ ಹೋಗುವವರು. ‘ಸರ್, ಮಳೆಗಾಲ ಮುಗಿದ ಮೇಲೆ ಕೆಲವು ರಾತ್ರಿ ನಮ್ಮ ಸಮುದ್ರದಲ್ಲಿ ತೆರೆ ಒಡೆದಾಗ ನೀಲಿ ಬೆಳಕು ಬರ್ತದೆ. ಅಬ್ಬ ಬಲೆ ಎಳೆದರೆ ಬಲೆಯೂ ಹೊಳೀತದೆ. ನೀರು ತಣ್ಣಗೇ ಇರ್ತದೆ. ತಣ್ಣಗಿನ ನೀರಿನಲ್ಲಿ ಬೆಳಕು ಬರುವುದಾದರೆ ತಣ್ಣಗಿನ ಬಂಗಾರದಲ್ಲಿ ಯಾಕೆ ಬರೂದಿಲ್ಲ?’

ನಾನೇನು ಹೇಳಿದೆ ಗೊತ್ತೇ? ‘ಅದು ಜೀವಿ, ಇದು ಜಡ. ಕುಳಿತುಕೋ.’ ಮಕ್ಕಳು ನಕ್ಕರು. ಅವಳು ಕುಳಿತುಕೊಂಡಳು. ಆ ವರ್ಷವಿಡೀ ಅವಳು ಮತ್ತೆ ನನ್ನ ಯಾವ ತರಗತಿಯಲ್ಲೂ, ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ, ಪ್ರಶ್ನೆ ಕೇಳಲಿಲ್ಲ. ಇದು ನನ್ನ ಗಮನಕ್ಕೆ ಬಂದದ್ದೂ ತಡವಾಗಿಯೇ.

ಉತ್ತರ ತಪ್ಪೆಂದು ತಿಳಿಸಿದವನು ನನ್ನ ಆಪಾರ ಮಗ. ಎಂ.ಎಸ್‌ಸಿ. ಭೌತಶಾಸ್ತ್ರ ಓದುತ್ತಿದ್ದ ಅವನು ರಜೆಗೆ ಬಂದಿದ್ದಾಗ ಊಟದ ಹೊತ್ತಿನಲ್ಲಿ ಈ ಸಂಗತಿ ಹೇಳಿದೆ. ಹುಡುಗಿಯ ಜಾಣತನವನ್ನು ಮೆಚ್ಚಿ ಹೇಳಿದ್ದೆ ಅನ್ನಿ. ಅವನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು, ‘ಮಾಮೂ, ಬರುತ್ತದೆ. ತಣ್ಣಗಿನ ಬಂಗಾರದಿಂದ ಬೆಳಕು ಬರುತ್ತದೆ. ನಿಮ್ಮ ಹುಡುಗಿ ಸರಿ, ನೀವು ತಪ್ಪು’ ಎಂದ. ಆಮೇಲೆ ಎರಡು ರಜೆ ಅವನ ಹತ್ತಿರವೇ ಪಾಠ ಹೇಳಿಸಿಕೊಂಡೆ. ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಬೆಂಕಿ, ಚಿಮಣಿ ದೀಪ, ಹಳೆಯ ಬಲ್ಬು, ಸೂರ್ಯ, ಇವೆಲ್ಲ ಬಿಸಿಯ ಬೆಳಕು. ಬಲ್ಬಿನ ತಂತಿ ಸುಮಾರು 2500 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರುತ್ತದೆ, ಸೂರ್ಯನ ಮೇಲ್ಮೈ 5500 ಡಿಗ್ರಿ. ಮಿಂಚುಹುಳದ ಬೆಳಕು, ಎಲ್‌ಇಡಿ ದೀಪದ ಬೆಳಕು ಬಿಸಿಯಿಂದ ಹುಟ್ಟಿದ್ದಲ್ಲ. ನಮ್ಮ ಕಡಲಿನ ನೀಲಿ ಬೆಳಕೂ ಹಾಗೆಯೇ. ನಾಕ್ಟಿಲ್ಯೂಕಾದಂಥ ಅತಿ ಸಣ್ಣ ಜೀವಿಗಳು ನೀರು ಅಲುಗಾಡಿದಾಗ ತಮ್ಮ ಮೈಯೊಳಗಿನ ರಾಸಾಯನಿಕ ಕ್ರಿಯೆಯಿಂದ ಅದನ್ನು ಹೊರಡಿಸುತ್ತವೆ. ಎಲ್‌ಇಡಿಯಲ್ಲಿ ಬೆಳಕು ಹೊರಡುವ ವಸ್ತು ಅರೆವಾಹಕ. ಆದ್ದರಿಂದ ಅವಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಅಪ್ಪಟ ಲೋಹ, ಬಂಗಾರವೋ ಬೆಳ್ಳಿಯೋ, ತಣ್ಣಗಿದ್ದೇ ಬೆಳಗಬಲ್ಲುದೇ?

ಗಟ್ಟಿಯಾದ ಬಂಗಾರದ ತುಂಡನ್ನು ನೋಡಿದರೆ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಲೋಹದೊಳಗೆ ಲೆಕ್ಕವಿಲ್ಲದಷ್ಟು ಇಲೆಕ್ಟ್ರಾನುಗಳು ಸ್ವತಂತ್ರವಾಗಿ ಓಡಾಡಿಕೊಂಡಿರುತ್ತವೆ. ಒಂದಕ್ಕೆ ನೀವು ಸ್ವಲ್ಪ ಶಕ್ತಿ ಕೊಟ್ಟರೆ ಅದು ಕಣ್ಣು ಮುಚ್ಚಿ ತೆರೆಯುವುದರ ಎಷ್ಟೋ ಕೋಟಿ ಪಾಲು ಮೊದಲೇ ಪಕ್ಕದವುಗಳಿಗೆ ಢಿಕ್ಕಿ ಹೊಡೆದು ಆ ಶಕ್ತಿಯನ್ನು ಹಂಚಿಬಿಡುತ್ತದೆ. ಬೆಳಕು ಕೊಡುವಷ್ಟು ಪುರುಸೊತ್ತು ಅದಕ್ಕೆ ಇರುವುದಿಲ್ಲ. 1969ರಲ್ಲಿ ಮೂರಾಡಿಯನ್ ಎಂಬ ವಿಜ್ಞಾನಿ ಬಂಗಾರ ಮತ್ತು ತಾಮ್ರದ ಮೇಲೆ ಲೇಸರ್ ಬಿಟ್ಟು ನೋಡಿದರು. ಬೆಳಕೇನೋ ಬಂತು, ಆದರೆ ಒಳಹೋದ ಸುಮಾರು ಸಾವಿರ ಕೋಟಿ ಬೆಳಕಿನ ಕಣಗಳಿಗೆ ಮರಳಿ ಬಂದದ್ದು ಒಂದು. ಬೆಳಕಿನ ಕಣಕ್ಕೆ ಫೋಟಾನ್ ಎನ್ನುತ್ತಾರೆ. ‘ನೋಡು, ನಾನು ಪೂರ್ತಿ ತಪ್ಪಲ್ಲ’ ಎಂದು ಅಳಿಯನಿಗೆ ಹೇಳಿದೆ. ‘ತಡೆಯಿರಿ ಮಾಮೂ’ ಎಂದ.

ಸಂಗತಿ ಬದಲಾಗುವುದು ಲೋಹ ಬಹಳ ಸಣ್ಣದಾದಾಗ, ಮತ್ತು ಎರಡು ಲೋಹಗಳ ನಡುವಿನ ಸಂದಿ ಬಹಳ ಕಿರಿದಾದಾಗ. ಎಷ್ಟು ಸಣ್ಣ? ನಿಮ್ಮ ಸ್ಕೇಲಿನಲ್ಲಿರುವ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ನ್ಯಾನೋಮೀಟರ್. ಬಂಗಾರದ ಮೂರು ಪರಮಾಣುಗಳನ್ನು ಸಾಲಾಗಿ ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ.

ಈಗ ಒಂದು ಚಿರೆಕಲ್ಲಿನ ಪಾಗಾರವನ್ನು ಕಲ್ಪಿಸಿಕೊಳ್ಳಿ. ಚೆಂಡನ್ನು ಪಾಗಾರದ ಆಚೆ ದಾಟಿಸಬೇಕಾದರೆ ಅದರ ಎತ್ತರಕ್ಕಿಂತ ಮೇಲೆ ಎಸೆಯಬೇಕು. ಎತ್ತರ ಸಾಲದಿದ್ದರೆ ಚೆಂಡು ಗೋಡೆಗೆ ಬಡಿದು ವಾಪಸು ಬರುತ್ತದೆ. ಇಲೆಕ್ಟ್ರಾನು ಮಾತ್ರ ಈ ನಿಯಮಕ್ಕೆ ಪೂರ್ತಿ ಬದ್ಧವಲ್ಲ. ಅದು ಕಣವೂ ಹೌದು, ಅಲೆಯೂ ಹೌದು. ಗೋಡೆ ತೀರಾ ತೆಳುವಾಗಿದ್ದರೆ ಆ ಅಲೆಯ ಒಂದಂಶ ಆಚೆ ಬದಿಯಲ್ಲಿಯೂ ಇರುತ್ತದೆ. ಹಾಗಾಗಿ ಹಾರಲು ಬೇಕಾದ ಶಕ್ತಿ ಇಲ್ಲದಿದ್ದರೂ ಒಮ್ಮೊಮ್ಮೆ ಇಲೆಕ್ಟ್ರಾನು ಆಚೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಟನಲಿಂಗ್ ಎಂದು ಹೆಸರು. ಸುರಂಗ ಎಂದೊಡನೆ ನಮಗೆ ಕೊಂಕಣ ರೈಲ್ವೆಯ ಸುರಂಗಗಳು ನೆನಪಾಗುತ್ತವೆ, ಆದರೆ ಇಲ್ಲಿ ಯಾರೂ ಗುಡ್ಡ ಕೊರೆಯುವುದಿಲ್ಲ. ಗುಡ್ಡ ಇದ್ದ ಹಾಗೇ ಇರುತ್ತದೆ, ರೈಲು ಆಚೆ ಇರುತ್ತದೆ. 2025ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ ಅವರಿಗೆ ಬಂದದ್ದು ಈ ಟನಲಿಂಗ್ ಅನ್ನು ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಮಂಡಲದಲ್ಲಿ ತೋರಿಸಿಕೊಟ್ಟದ್ದಕ್ಕೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಹತ್ತಿರ ಐಬಿಎಂ ಕಂಪನಿಯ ಒಂದು ಸಂಶೋಧನಾಲಯವಿದೆ. ಅಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಎಂಬ ಇಬ್ಬರು 1981ರಲ್ಲಿ ಇದೇ ಗುಣವನ್ನು ಬಳಸಿ ಒಂದು ಸೂಕ್ಷ್ಮದರ್ಶಕ ಮಾಡಿದರು. ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್, ಚಿಕ್ಕದಾಗಿ ಎಸ್‌ಟಿಎಂ. ಇದರಲ್ಲಿ ನೋಡಲು ಮಸೂರವಿಲ್ಲ. ತುದಿಯಲ್ಲಿ ಒಂದೋ ಎರಡೋ ಪರಮಾಣು ಉಳಿಯುವಷ್ಟು ಚೂಪಾದ ಲೋಹದ ಸೂಜಿ ಇದೆ. ಅದನ್ನು ಇನ್ನೊಂದು ಲೋಹದ ಮೇಲ್ಮೈಗೆ ಒಂದು ನ್ಯಾನೋಮೀಟರಿಗೂ ಹತ್ತಿರ ತರುತ್ತಾರೆ, ಮುಟ್ಟಿಸುವುದಿಲ್ಲ. ಎರಡರ ನಡುವೆ ಒಂದೆರಡು ವೋಲ್ಟು ಕೊಟ್ಟರೆ ಇಲೆಕ್ಟ್ರಾನುಗಳು ಆ ಸಂದಿಯನ್ನು ದಾಟುತ್ತವೆ. ಸೂಜಿ ಒಂದು ನ್ಯಾನೋಮೀಟರಿನ ಹತ್ತನೇ ಒಂದು ಪಾಲು ದೂರ ಸರಿದರೆ ಸಾಕು, ಹರಿಯುವ ವಿದ್ಯುತ್ತು ಸುಮಾರು ಹತ್ತು ಪಟ್ಟು ಇಳಿಯುತ್ತದೆ. ಆದ್ದರಿಂದ ಸೂಜಿಯನ್ನು ಗೆರೆಗೆರೆಯಾಗಿ ಓಡಿಸುತ್ತ ವಿದ್ಯುತ್ತಿನ ಏರಿಳಿತ ಬರೆದುಕೊಂಡರೆ ಪರಮಾಣುಗಳ ಉಬ್ಬುತಗ್ಗುಗಳ ನಕ್ಷೆ ಸಿಗುತ್ತದೆ. ಕಣ್ಣು ಕಾಣದವರು ಬ್ರೈಲ್ ಅಕ್ಷರಗಳ ಮೇಲೆ ಬೆರಳು ಓಡಿಸಿ ಓದುವ ಹಾಗೆ. 1986ರಲ್ಲಿ ಅವರಿಬ್ಬರಿಗೆ ನೊಬೆಲ್ ಪ್ರಶಸ್ತಿ ಬಂತು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಜನಕ ಅರ್ನ್ಸ್ಟ್ ರುಸ್ಕಾ ಅವರ ಜೊತೆ ಹಂಚಿಕೊಂಡರು.

ಅದೇ ಸಂಶೋಧನಾಲಯದಲ್ಲಿ ಜೇಮ್ಸ್ ಗಿಮ್ಜೆವ್‌ಸ್ಕಿ ಮತ್ತು ಸಂಗಡಿಗರು 1988-89ರಲ್ಲಿ ಸೂಜಿಯ ತುದಿಯ ಕಡೆಗೆ ಬೆಳಕು ಎಣಿಸುವ ಉಪಕರಣವನ್ನು ತಿರುಗಿಸಿ ಇಟ್ಟರು. ಕತ್ತಲೆ ಇರಬೇಕಾದ ಕಡೆ ಬೆಳಕು ಸಿಕ್ಕಿತು. ಸೂಜಿ ಮತ್ತು ಬೆಳ್ಳಿಯ ನಡುವಿನ ಸಂದಿಯಿಂದ ಫೋಟಾನುಗಳು ಹೊರಬರುತ್ತಿದ್ದವು. ಬಿಸಿಯಿಂದ ಬಂದದ್ದೇ? ಮುಂದೆ ಇಂಥ ಪ್ರಯೋಗಗಳನ್ನು ದ್ರವ ಹೀಲಿಯಂನಿಂದ ತಣಿಸಿ, ಸೊನ್ನೆಗಿಂತ 260 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲಿ ಮಾಡಿದ್ದಾರೆ. ಗಾಳಿಯೇ ಹೆಪ್ಪುಗಟ್ಟುವ ಚಳಿ ಅದು. ಅಲ್ಲಿಯೂ ಬೆಳಕು ಬರುತ್ತದೆ.

ಎಷ್ಟು ಬೆಳಕು? ವಿದ್ಯಾರ್ಥಿಗಳೇ, ಪೆನ್ನು ತೆಗೆದುಕೊಳ್ಳಿ. ಒಂದು ನ್ಯಾನೋ ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 624 ಕೋಟಿ ಇಲೆಕ್ಟ್ರಾನುಗಳು. ಬೆಳ್ಳಿ ಬಂಗಾರಗಳಲ್ಲಿ ಅನುಕೂಲ ಚೆನ್ನಾಗಿದ್ದರೆ ಹತ್ತು ಸಾವಿರ ಇಲೆಕ್ಟ್ರಾನು ದಾಟಿದರೆ ಒಂದು ಫೋಟಾನ್ ಹುಟ್ಟುತ್ತದೆ. ಭಾಗಿಸಿ ನೋಡಿ, ಸೆಕೆಂಡಿಗೆ ಆರು ಲಕ್ಷಕ್ಕೂ ಹೆಚ್ಚು ಫೋಟಾನು. ಸಂಖ್ಯೆ ದೊಡ್ಡದು, ಬೆಳಕು ಬಲು ಸಣ್ಣದು. ಹುಟ್ಟುವ ಜಾಗವೋ ಕೆಲವೇ ನ್ಯಾನೋಮೀಟರ್ ಅಗಲ. ಸಾವಿರ ಕೋಟಿಗೆ ಒಂದು ಎಂದಿದ್ದದ್ದು ಹತ್ತು ಸಾವಿರಕ್ಕೆ ಒಂದು ಆಯಿತಲ್ಲ, ಅದೇ ಇಲ್ಲಿನ ವಿಶೇಷ. ಕಬ್ಬಿಣ, ಟಂಗ್‌ಸ್ಟನ್‌ಗಳಲ್ಲಿ ಇಷ್ಟು ಬರುವುದಿಲ್ಲ. ಬೆಳ್ಳಿ ಬಂಗಾರಕ್ಕೇ ಏಕೆ ಈ ಮರ್ಯಾದೆ?

ಇದಕ್ಕೆ ಉತ್ತರ ಹುಡುಕುವಾಗ ನಾನು ನನ್ನ ಭಾಷೆಯ ಕಡೆಗೇ ಹಿಂತಿರುಗಿದೆ. ಉರ್ದುವಿನಲ್ಲಿ ಜೌಹರ್ ಎಂದರೆ ರತ್ನ, ಸಾರ, ಹಾಗೆಯೇ ಪರಮಾಣು. ಜೌಹರಿ ಎಂದರೆ ಒಡವೆ ವ್ಯಾಪಾರಿ, ಅದೇ ಶಬ್ದವನ್ನು ಪರಮಾಣುವಿಗೆ ಸಂಬಂಧಿಸಿದ್ದು ಎನ್ನಲೂ ಬಳಸುತ್ತೇವೆ. ಈ ಕಥೆಯಲ್ಲಿ ಎರಡೂ ಅರ್ಥದ ಜೌಹರಿಗಳು ಬರುತ್ತಾರೆ.

ಮದುವೆಯ ಮಿಠಾಯಿ ಮೇಲೆ ಹಚ್ಚುವ ವರಕ್ ನೀವೆಲ್ಲ ಕಂಡಿದ್ದೀರಿ. ಬೆಳ್ಳಿಯನ್ನು ಬಡಿದು ಬಡಿದು ಉಸಿರಿಗೆ ಹಾರುವಷ್ಟು ತೆಳು ಮಾಡಿರುತ್ತಾರೆ. ಬಂಗಾರವನ್ನೂ ಹಾಗೆ ಬಡಿಯಬಹುದು. ಬಂಗಾರದ ತೆಳು ಹಾಳೆಯನ್ನು ದೀಪಕ್ಕೆ ಅಡ್ಡ ಹಿಡಿದರೆ ಅದರ ಮೂಲಕ ಬರುವ ಬೆಳಕು ಹಳದಿಯಾಗಿರುವುದಿಲ್ಲ, ಹಸಿರಾಗಿರುತ್ತದೆ. ಮೈಕೆಲ್ ಫ್ಯಾರಡೆ ಇದನ್ನು ನೋಡಿ, 1857ರಲ್ಲಿ ಲಂಡನ್ನಿನಲ್ಲಿ ಬಂಗಾರ ಮತ್ತು ಬೆಳಕಿನ ಸಂಬಂಧದ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟರು. ಬಂಗಾರವನ್ನು ನೀರಿನಲ್ಲಿ ಅತಿ ಸಣ್ಣ ಕಣಗಳಾಗಿ ತೇಲಿಬಿಟ್ಟರೆ ನೀರು ಮಾಣಿಕ್ಯದಂತೆ ಕೆಂಪಾಗುತ್ತದೆ ಎಂದು ಅವರು ತೋರಿಸಿದರು. ಅವರು ಮಾಡಿದ ಆ ಕೆಂಪು ದ್ರವದ ಬಾಟಲಿಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇಂದಿಗೂ ಇವೆ.

ನಮ್ಮ ಸಭೆಗಳಲ್ಲಿ ಬೆಳಕಿನ ಮಾತು ಬಂದರೆ ಇಬ್ನುಲ್ ಹೈಸಮ್ ಅವರ ಹೆಸರು ಬರದೆ ಇರುವುದಿಲ್ಲ. ಬರಲಿ, ಸಂತೋಷ. ಆದರೆ ಅವರ ಹೆಸರು ಹೇಳಿ ಚಪ್ಪಾಳೆ ತಟ್ಟಿ ಕುಳಿತುಬಿಡುವುದೂ ನಮಗೆ ರೂಢಿಯಾಗಿದೆ. ಅದೇ ನಾಡಿನ ಕುಂಬಾರರ ಹೆಸರು ಯಾರೂ ಹೇಳುವುದಿಲ್ಲ. ಇಬ್ನುಲ್ ಹೈಸಮ್ ಹುಟ್ಟುವ ಮುಂಚೆಯೇ, 9ನೇ ಶತಮಾನದ ಇರಾಕಿನಲ್ಲಿ, ಅಬ್ಬಾಸೀ ಖಲೀಫರ ಕಾಲದಲ್ಲಿ, ಆ ಕುಂಬಾರರು ಮಣ್ಣಿನ ಪಾತ್ರೆಗಳ ಮೆರುಗಿನಲ್ಲಿ ಬೆಳ್ಳಿ ಮತ್ತು ತಾಮ್ರದ ಲವಣಗಳನ್ನು ಸವರಿ, ಹೊಗೆ ತುಂಬಿದ ಒಲೆಯಲ್ಲಿ ಮತ್ತೊಮ್ಮೆ ಸುಡುತ್ತಿದ್ದರು. ಪಾತ್ರೆಗೆ ಬಂಗಾರದಂಥ ಹೊಳಪು ಬರುತ್ತಿತ್ತು. ಈಚೆಗೆ ಅಂಥ ಚೂರುಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೆರುಗಿನೊಳಗೆ ಕಂಡದ್ದು ನ್ಯಾನೋಮೀಟರ್ ಗಾತ್ರದ ಬೆಳ್ಳಿ ತಾಮ್ರದ ಕಣಗಳ ಪದರ. ಪರಮಾಣು ಕಾಣದೆ ಅವರು ಕೈಯಳತೆಯಿಂದಲೇ ನ್ಯಾನೋ ಕೆಲಸ ಮಾಡಿದ್ದರು.

ಈ ಬಣ್ಣಗಳೆಲ್ಲದರ ಹಿಂದೆ ಇರುವುದು ಒಂದೇ ಸಂಗತಿ, ಇಲೆಕ್ಟ್ರಾನುಗಳ ತುಳುಕಾಟ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವಾಗ ನೀರು ಆಚೆ ಈಚೆ ತುಳುಕುತ್ತದೆ. ಆ ತುಳುಕಿಗೆ ಒಂದು ತಾಳವಿದೆ. ನಿಮ್ಮ ಹೆಜ್ಜೆ ಆ ತಾಳಕ್ಕೆ ಕೂಡಿತೋ, ನೀರು ಮೈಮೇಲೆ ಬಿತ್ತೆಂದೇ ಲೆಕ್ಕ. ಲೋಹದ ಸಣ್ಣ ಕಣದಲ್ಲಿ ಇಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಹೀಗೆಯೇ ತುಳುಕುತ್ತವೆ. ಇದನ್ನು ಪ್ಲಾಸ್ಮಾನ್ ಎನ್ನುತ್ತಾರೆ. ಬೆಳ್ಳಿ ಬಂಗಾರಗಳ ಸಣ್ಣ ಕಣಗಳಲ್ಲಿ ಈ ತುಳುಕಿನ ತಾಳ ಕಣ್ಣಿಗೆ ಕಾಣುವ ಬೆಳಕಿನ ತಾಳಕ್ಕೆ ಹೊಂದುತ್ತದೆ, ತುಳುಕಾಟ ಬೇಗ ತಣ್ಣಗಾಗುವುದೂ ಇಲ್ಲ. ಕಬ್ಬಿಣದಲ್ಲಿ ತುಳುಕುವ ಮುಂಚೆಯೇ ಅಡಗಿಬಿಡುತ್ತದೆ. ಬೆಳ್ಳಿ ಬಂಗಾರಕ್ಕೆ ಮರ್ಯಾದೆ ಬಂದದ್ದು ಬೆಲೆಯಿಂದಲ್ಲ, ಇದರಿಂದ.

ಇನ್ನು ಸೂಜಿ ಮತ್ತು ಮೇಲ್ಮೈ ನಡುವಿನ ಸಂದಿಗೆ ಬನ್ನಿ. ನಮ್ಮ ಕರಾವಳಿಯಲ್ಲಿ ಎರಡು ಬಂಡೆಗಳ ನಡುವಿನ ಕಿರಿದಾದ ಸಂದಿಗೆ ತೆರೆ ನುಗ್ಗುವುದನ್ನು ನೋಡಿದ್ದೀರಿ. ಬಯಲಿನಲ್ಲಿ ಮೊಣಕಾಲುದ್ದದ ತೆರೆ ಸಂದಿಯಲ್ಲಿ ಆಳೆತ್ತರ ಚಿಮ್ಮುತ್ತದೆ. ಎರಡು ಲೋಹಗಳು ನ್ಯಾನೋಮೀಟರ್ ಅಂತರದಲ್ಲಿ ಎದುರುಬದುರಾದಾಗ ಅವುಗಳ ತುಳುಕಾಟ ಕೂಡಿಕೊಂಡು ಸಂದಿಯಲ್ಲಿ ವಿದ್ಯುತ್ ಕ್ಷೇತ್ರ ಹಾಗೆ ಉಕ್ಕುತ್ತದೆ. ದಾಟುತ್ತಿರುವ ಇಲೆಕ್ಟ್ರಾನುಗಳಲ್ಲಿ ಹೆಚ್ಚಿನವು ಶಕ್ತಿಯನ್ನು ಜೊತೆಯಲ್ಲೇ ಒಯ್ದು ಆಚೆ ಲೋಹದೊಳಗೆ ಶಾಖವಾಗಿ ಕಳೆಯುತ್ತವೆ. ಎಲ್ಲೋ ಒಂದು ಮಾತ್ರ ದಾಟುವಾಗಲೇ ತನ್ನ ಶಕ್ತಿಯನ್ನು ಈ ತುಳುಕಾಟಕ್ಕೆ ಕೊಟ್ಟುಬಿಡುತ್ತದೆ. ಹಿಂದೆ ಮನೆಯ ಮಾಡಿನ ಮೇಲೆ ಇರುತ್ತಿದ್ದ ಟಿವಿ ಆಂಟೆನಾ ಅಲೆಗಳನ್ನು ಹಿಡಿಯುತ್ತಿತ್ತಲ್ಲ, ಇಲ್ಲಿ ಸೂಜಿ ಮತ್ತು ಮೇಲ್ಮೈ ಸೇರಿ ಅಂಥದ್ದೊಂದು ಆಂಟೆನಾ ಆಗಿ ಅಲೆಯನ್ನು ಹೊರಗೆ ಬಿಡುತ್ತದೆ. ಆ ಅಲೆಯೇ ಬೆಳಕು. 1991ರಲ್ಲಿ ರಿಚರ್ಡ್ ಬರ್ನ್ಟ್, ಗಿಮ್ಜೆವ್‌ಸ್ಕಿ ಮತ್ತು ಪೀಟರ್ ಜೊಹಾನ್ಸನ್ ಈ ವಿವರಣೆಯನ್ನು ಲೆಕ್ಕ ಸಮೇತ ಗಟ್ಟಿ ಮಾಡಿದರು.

ಬಣ್ಣಕ್ಕೂ ಒಂದು ಲೆಕ್ಕವಿದೆ, ಬಹಳ ಸೊಗಸಾದ ಲೆಕ್ಕ. ಒಂದು ಇಲೆಕ್ಟ್ರಾನು ವೋಲ್ಟೇಜಿನಿಂದ ಎಷ್ಟು ಶಕ್ತಿ ಪಡೆದಿದೆಯೋ ಅದಕ್ಕಿಂತ ಹೆಚ್ಚು ಶಕ್ತಿಯ ಫೋಟಾನನ್ನು ಅದೊಂದೇ ಕೊಡಲಾರದು. ಕೈಯಲ್ಲಿ ಎರಡು ರೂಪಾಯಿ ಇದ್ದವನು ಮೂರು ರೂಪಾಯಿ ಖರ್ಚು ಮಾಡಲಾರ. ಎರಡು ಇಲೆಕ್ಟ್ರಾನುಗಳು ಕೂಡಿ ಖರ್ಚು ಮಾಡುವ ಅಪರೂಪದ ಸಂದರ್ಭಗಳೂ ಕಂಡುಬಂದಿವೆ, ಸದ್ಯಕ್ಕೆ ಅದನ್ನು ಬದಿಗಿಡೋಣ. 1240ನ್ನು ವೋಲ್ಟಿನಿಂದ ಭಾಗಿಸಿದರೆ ಆ ವೋಲ್ಟಿನಲ್ಲಿ ಸಿಗಬಹುದಾದ ಬೆಳಕಿನ ಅತಿ ಕಡಿಮೆ ತರಂಗಾಂತರ ನ್ಯಾನೋಮೀಟರಿನಲ್ಲಿ ಬರುತ್ತದೆ. ಎರಡು ವೋಲ್ಟಿಗೆ 620, ಅಂದರೆ ಕಿತ್ತಳೆಗೆಂಪು. ಅದರ ಆಚೆಯ ಹಸಿರು, ನೀಲಿ ಸಿಗುವುದಿಲ್ಲ. ವೋಲ್ಟು ಏರಿಸಿದಂತೆ ಹಸಿರು, ನೀಲಿಯ ಬಾಗಿಲೂ ತೆರೆಯುತ್ತದೆ. ಆದರೆ ಬಂಗಾರ ನೀಲಿಯನ್ನು ತಾನೇ ನುಂಗಿಬಿಡುತ್ತದೆ, ಅದರಿಂದ ಬರುವುದು ಹೆಚ್ಚಾಗಿ ಕೆಂಪು ಕಡೆಯ ಬೆಳಕು. ನೀಲಿ ಬೇಕಾದರೆ ಬೆಳ್ಳಿಯ ಹತ್ತಿರ ಹೋಗಬೇಕು.

ಕಣದ ಗಾತ್ರವೂ ಬಣ್ಣದಲ್ಲಿ ಕಾಣುತ್ತದೆ. 2000ದಲ್ಲಿ ಬರ್ಲಿನ್ನಿನ ಫ್ರಿಟ್ಜ್ ಹೇಬರ್ ಸಂಸ್ಥೆಯ ವಿಜ್ಞಾನಿಗಳು ತೆಳು ಆಕ್ಸೈಡ್ ಪದರದ ಮೇಲೆ ಬೆಳ್ಳಿಯ ಸಣ್ಣ ಕಣಗಳನ್ನು ಕೂರಿಸಿ, ಸೂಜಿಯನ್ನು ಒಂದೊಂದೇ ಕಣದ ಮೇಲೆ ನಿಲ್ಲಿಸಿ ಬೆಳಕು ಅಳೆದರು. ಕಣ ಚಿಕ್ಕದಾದಂತೆ ಬೆಳಕು ನೀಲಿಯ ಕಡೆಗೆ ಸರಿಯಿತು. ಸಾಮಾನ್ಯವಾಗಿ ಬೆಳಕಿನಿಂದ ನೋಡುವಾಗ ಲಕ್ಷಾಂತರ ಕಣಗಳ ಸರಾಸರಿ ಸಿಗುತ್ತದೆ, ಶಾಲೆಯ ಶೇಕಡಾವಾರು ಫಲಿತಾಂಶದ ಹಾಗೆ. ಒಂದು ಮಗುವಿನ ಉತ್ತರಪತ್ರಿಕೆ ಅದರಲ್ಲಿ ಕಾಣುವುದಿಲ್ಲ. ಸೂಜಿ ಒಂದೇ ಕಣದ ಉತ್ತರಪತ್ರಿಕೆಯನ್ನು ತೆರೆದು ತೋರಿಸುತ್ತದೆ. 1993ರಲ್ಲಿ ಬರ್ನ್ಟ್ ಅವರ ತಂಡ ಬಂಗಾರದ ಮೇಲೆ 60 ಇಂಗಾಲದ ಪರಮಾಣುಗಳ ಚೆಂಡಿನಂಥ ಅಣುಗಳನ್ನು ಹರಡಿ ನೋಡಿದಾಗ ಒಂದೊಂದು ಅಣುವೂ ಬೆಳಕಿನ ನಕ್ಷೆಯಲ್ಲಿ ಒಂದೊಂದು ಚುಕ್ಕಿಯಾಗಿ ಕಂಡಿತು. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಲ್ಸನ್ ಹೋ ಅವರ ತಂಡ ಒಂದೇ ಅಣು ತನ್ನದೇ ಬೆಳಕು ಬೀರುವುದನ್ನು ಎಸ್‌ಟಿಎಂನಲ್ಲಿ ಅಳೆಯಿತು. ಅಣು ಲೋಹಕ್ಕೆ ನೇರವಾಗಿ ತಾಗಿದ್ದರೆ ಲೋಹ ಅದರ ಬೆಳಕನ್ನು ಆರಿಸಿಬಿಡುತ್ತದೆ. ಅದಕ್ಕಾಗಿ ನಡುವೆ ತೆಳು ಆಕ್ಸೈಡ್ ಪದರ ಹಾಸಿದ್ದರು.

‘ಇದೆಲ್ಲ ಜ್ಯೂರಿಕ್, ಬರ್ಲಿನ್ ಮಾತಾಯಿತು, ನಮಗೂ ಇದಕ್ಕೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ಬೆಂಗಳೂರಿಗೆ ಬನ್ನಿ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. 1989ರಲ್ಲಿ ಆರಂಭವಾಯಿತು, ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರು ಕಟ್ಟಿದ್ದು. ಅಲ್ಲಿ ಸಿ.ಪಿ. ವಿನೋದ್, ಜಿ.ಯು. ಕುಲಕರ್ಣಿ ಮತ್ತು ರಾವ್ ಅವರು 1998ರಲ್ಲಿ ಲೋಹದ ಅತಿ ಸಣ್ಣ ಗುಚ್ಛಗಳನ್ನು ಗ್ರಾಫೈಟಿನ ಮೇಲೆ ಕೂರಿಸಿ ಎಸ್‌ಟಿಎಂ ಸೂಜಿಯಿಂದ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಅವರು ಅಳೆದದ್ದು ಬೆಳಕನ್ನಲ್ಲ, ವಿದ್ಯುತ್ತನ್ನು. ಅವರ ಪ್ರಶ್ನೆ ಬಹಳ ಸರಳ: ಬಂಗಾರವನ್ನು ಚಿಕ್ಕದು ಮಾಡುತ್ತ ಹೋದರೆ ಅದು ಎಲ್ಲಿಯವರೆಗೆ ಲೋಹವಾಗಿ ಉಳಿಯುತ್ತದೆ? ಲೋಹದಲ್ಲಿ ಎಷ್ಟು ಕಡಿಮೆ ವೋಲ್ಟು ಕೊಟ್ಟರೂ ವಿದ್ಯುತ್ತು ಹರಿಯಬೇಕು. ಗುಚ್ಛ ಒಂದು ನ್ಯಾನೋಮೀಟರಿನ ಆಸುಪಾಸಿಗೆ ಇಳಿದಾಗ ಹಾಗಾಗಲಿಲ್ಲ. ಸ್ವಲ್ಪ ವೋಲ್ಟು ಏರುವವರೆಗೆ ತಡೆಯೊಂದು ಕಾಣಿಸಿಕೊಂಡಿತು. ಅಂದರೆ ಬಂಗಾರ ಬಂಗಾರವಾಗಿಯೇ ಇದ್ದರೂ ಲೋಹವಾಗಿ ಉಳಿದಿರಲಿಲ್ಲ. ಇಲೆಕ್ಟ್ರಾನುಗಳು ಒಟ್ಟಾಗಿ ತುಳುಕಬೇಕಾದರೆ ಅವು ಸಾಕಷ್ಟು ಸಂಖ್ಯೆಯಲ್ಲಿ, ಸಾಕಷ್ಟು ಸ್ವತಂತ್ರವಾಗಿ ಇರಬೇಕು. ಆದ್ದರಿಂದ ಜಕ್ಕೂರಿನ ಈ ಅಳತೆ ನಮ್ಮ ಬೆಳಕಿನ ಕಥೆಗೂ ಒಂದು ಗಡಿಕಲ್ಲು. ಅದಕ್ಕಿಂತ ಕೆಳಗೆ ಕೊಡವೂ ಇಲ್ಲ, ತುಳುಕುವ ನೀರೂ ಇಲ್ಲ.

ಬೆಂಗಳೂರಿನ ಇನ್ನೊಂದು ಹೆಸರೂ ಇಲ್ಲಿ ಬರುತ್ತದೆ. ಸರ್ ಸಿ.ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕೊಲ್ಕತ್ತಾದಲ್ಲಿ ಕಂಡ ಪರಿಣಾಮವನ್ನು ನಾವು ಪ್ರತಿ ವರ್ಷ ವಿಜ್ಞಾನ ದಿನವೆಂದು ಆಚರಿಸುತ್ತೇವೆ. ಮುಂದೆ ಅವರು ಬೆಂಗಳೂರಿಗೆ ಬಂದು 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅಣುಗಳಿಗೆ ಬಡಿದು ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಫೋಟಾನ್ ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆ ಅಣುವಿನ ಬೆರಳಚ್ಚು ಇದ್ದಂತೆ. ಕೋಟಿಗೊಂದಾದ್ದರಿಂದ ಒಂದೇ ಅಣುವಿನ ಬೆರಳಚ್ಚು ತೆಗೆಯುವುದು ಬಲು ಕಷ್ಟ. 2013ರಲ್ಲಿ ಚೀನಾದ ಹೆಫೈ ನಗರದ ವಿಜ್ಞಾನಿಗಳು ಎಸ್‌ಟಿಎಂನ ಬೆಳ್ಳಿ ಸೂಜಿಯನ್ನು ಬೆಳ್ಳಿಯ ಮೇಲೆ ಕುಳಿತ ಒಂದು ಅಣುವಿನ ಮೇಲೆ ನಿಲ್ಲಿಸಿ ಲೇಸರ್ ಬಿಟ್ಟರು. ಸಂದಿಯ ಉಕ್ಕಿನಲ್ಲಿ ರಾಮನ್ ಬೆಳಕು ಎಷ್ಟೋ ಪಟ್ಟು ಹೆಚ್ಚಿತು. ಒಂದೇ ಅಣುವಿನ ಯಾವ ಭಾಗ ಹೇಗೆ ಕಂಪಿಸುತ್ತದೆ ಎಂಬ ನಕ್ಷೆಯೇ ಸಿಕ್ಕಿತು, ಒಂದು ನ್ಯಾನೋಮೀಟರಿಗೂ ಕಡಿಮೆ ವಿವರದಲ್ಲಿ. ರಾಮನ್ ಅವರು ಇದ್ದಿದ್ದರೆ ತಾವೇ ಹೋಗಿ ನೋಡಿ ಬರುತ್ತಿದ್ದರೋ ಏನೋ.

ಈಗ ನನ್ನ ಬಾಕಿಯ ಮಾತು. ಆ ಹುಡುಗಿ ಈಗ ಕುಮಟಾದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೂ ವಿಜ್ಞಾನ ತೆಗೆದುಕೊಳ್ಳಲಿಲ್ಲ. ನನ್ನ ಒಂದು ಮಾತಿನಿಂದಲೇ ಹಾಗಾಯಿತು ಎಂದು ನಾನು ಹೇಳುವುದಿಲ್ಲ, ಮನೆಯ ಪರಿಸ್ಥಿತಿ, ಕಾಲೇಜಿನ ದೂರ ಎಲ್ಲವೂ ಇರುತ್ತವೆ. ಆದರೆ ನನ್ನ ಮಾತಿನ ಪಾಲು ಅದರಲ್ಲಿ ಇಲ್ಲವೆನ್ನುವ ಧೈರ್ಯವೂ ನನಗಿಲ್ಲ. ಕಳೆದ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅವಳ ತಾಯಿ ಚಹಾ ತಂದಿಟ್ಟರು, ತಂದೆ ಬಲೆ ರಿಪೇರಿ ಮಾಡುತ್ತ ಕೇಳುತ್ತಿದ್ದರು. ‘ನಾನು ಅವತ್ತು ತಪ್ಪು ಹೇಳಿದೆನಮ್ಮ’ ಎಂದು ಶುರು ಮಾಡಿ ಇಷ್ಟೆಲ್ಲ ಹೇಳಿದೆ. ಅವಳಿಗೆ ಆ ಪಿರಿಯಡ್ ಚೆನ್ನಾಗಿ ನೆನಪಿತ್ತು.

ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು: ‘ಸರ್, ಆ ಬೆಳಕನ್ನು ಬರೀ ಕಣ್ಣಿನಿಂದ ನೋಡಬಹುದಾ, ಮಿಷನ್ನೇ ಬೇಕಾ?’

ಸೂಜಿಯ ತುದಿಯ ಬೆಳಕಿಗೆ ಮಿಷನ್ನೇ ಬೇಕು. ಆದರೆ ಅದಕ್ಕೂ ಮುಂಚಿನ ಒಂದು ಪ್ರಯೋಗವಿದೆ, ಅದನ್ನು ಅವಳಿಗಾಗಿಯೇ ಉಳಿಸಿಕೊಂಡಿದ್ದೆ. 1976ರಲ್ಲಿ ಅಮೆರಿಕದ ಫೋರ್ಡ್ ಮೋಟಾರ್ ಕಂಪನಿಯ ಸಂಶೋಧನಾಲಯದಲ್ಲಿ ಜಾನ್ ಲ್ಯಾಂಬ್ ಮತ್ತು ಎಸ್.ಎಲ್. ಮೆಕಾರ್ಥಿ ಎಂಬಿಬ್ಬರು ಅಲ್ಯೂಮಿನಿಯಂ ಮೇಲೆ ಅತಿ ತೆಳುವಾದ ಆಕ್ಸೈಡ್, ಅದರ ಮೇಲೆ ತರಿತರಿಯಾದ ಬೆಳ್ಳಿ ಅಥವಾ ಬಂಗಾರದ ಪದರ ಕೂರಿಸಿ ಎರಡು ಲೋಹಗಳಿಗೆ ವೋಲ್ಟು ಕೊಟ್ಟರು. ಸೂಜಿ ಇಲ್ಲ, ಇಡೀ ಪದರವೇ ಸಂದಿ. ಇಲೆಕ್ಟ್ರಾನುಗಳು ಆಕ್ಸೈಡನ್ನು ದಾಟುವಾಗ ಆ ಪದರದ ಉದ್ದಗಲಕ್ಕೂ ಕಣ್ಣಿಗೆ ಕಾಣುವ ಬೆಳಕು ಬಂತು. ವೋಲ್ಟು ಏರಿಸಿದಂತೆ ಕೆಂಪಿನಿಂದ ನೀಲಿಯ ಕಡೆಗೆ ಬಣ್ಣ ಬದಲಾಯಿತು.

ಅವಳು ಕ್ಯಾಲೆಂಡರಿನ ಹಿಂದೆ 1240 ಎಂದು ಬರೆದುಕೊಂಡಳು. ‘ನಮ್ಮ ಸಮುದ್ರದ ನೀಲಿ ಎಷ್ಟು ಸರ್?’ ಸುಮಾರು 470 ನ್ಯಾನೋಮೀಟರ್ ಎಂದೆ. ಭಾಗಿಸಿದಳು, ಎರಡು ಪಾಯಿಂಟ್ ಆರು ನಾಲ್ಕು ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ‘ಬೆಳ್ಳಿಯಾದರೆ ಟಾರ್ಚಿನ ಎರಡು ಸೆಲ್ಲು ಸಾಕಲ್ಲ ಸರ್’ ಎಂದಳು.

ಸಾಕು ಎಂದೆ. ಎರಡು ಸೆಲ್ಲಿಗೆ ಮೂರು ವೋಲ್ಟು.